ಟಕೋಮಾದಲ್ಲಿ ಜ್ಯಾಂಗೋ: ಒಂದು ವಾದ್ಯವೃಂದದಿಂದ ನಾನು ಕಲಿತದ್ದು

ನಮ್ಮ ತಂದೆಯವರು ಮೈಸೂರಿನಲ್ಲಿ ಶಾಲಾ ಉಪಾಧ್ಯಾಯರಾಗಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಶ್ರುತಿಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ದಾಸರ ಪದಗಳನ್ನು ಹಾಡುವುದು ಅವರ ನಿತ್ಯದ ರೂಢಿ. ಅವುಗಳಲ್ಲಿ ಪುರಂದರದಾಸರ ಒಂದು ಪದಕ್ಕೆ ನಮ್ಮ ಮನೆಯದೇ ಆದ ಒಂದು ಮಟ್ಟು ಇತ್ತು. ಅದು ತಂದೆಯವರಿಗೆ ಅವರ ತಾಯಿಯಿಂದ ಬಂದದ್ದು. ಯಾವ ಪುಸ್ತಕದಲ್ಲಿಯೂ ನಾನು ಅದರ ಸ್ವರಪ್ರಸ್ತಾರವನ್ನು ಕಂಡಿಲ್ಲ. ಯಾವ ಗಾಯಕರ ಧ್ವನಿಸುರುಳಿಯಲ್ಲಿಯೂ ಅದನ್ನು ಕೇಳಿಲ್ಲ. 2001ರಲ್ಲಿ ತಂದೆಯವರು ತೀರಿಕೊಂಡಾಗ ಊರಿಗೆ ಹೋದವನು ಮರಳುವಾಗ ಆ ಶ್ರುತಿಪೆಟ್ಟಿಗೆಯನ್ನೂ ಅವರ ಕೈಬರಹದ ಪದಗಳ ಪುಸ್ತಕವನ್ನೂ ಅಮೆರಿಕಕ್ಕೆ ತಂದೆ. ಸಾಹಿತ್ಯವೆಲ್ಲ ಅದರಲ್ಲಿದೆ. ಪಲ್ಲವಿ, ಅನುಪಲ್ಲವಿಗಳ ಮಟ್ಟು ನನಗೆ ನೆನಪಿದೆ. ಚರಣದ ಮಟ್ಟು ಮಾತ್ರ ಬಾರದು. ತಂದೆಯವರು ಚರಣಕ್ಕೆ ಬರುವಷ್ಟರಲ್ಲಿ ನಾನು ಎದ್ದು ಪಕ್ಕದ ಕೋಣೆಗೆ ಹೋಗಿ ಗಣಿತದ ಪುಸ್ತಕ ತೆರೆಯುತ್ತಿದ್ದೆ. ಊರಿನಲ್ಲಿರುವ ಅಕ್ಕನನ್ನು ಕೇಳಿದರೆ ಅವಳಿಗೂ ಅನುಪಲ್ಲವಿಯ ತನಕವೇ ಗೊತ್ತು.

ಈ ಲೇಖನ ಆ ಚರಣವನ್ನು ಕುರಿತದ್ದು. ಆದರೆ ಅದನ್ನು ಹೇಳಬೇಕಾದರೆ ನಾನು ವಾಸಿಸುವ ವಾಷಿಂಗ್ಟನ್ ರಾಜ್ಯದ ಒಂದು ಜಾಝ್ ತಂಡದ ವೃತ್ತಾಂತವನ್ನು ಮೊದಲು ಹೇಳಬೇಕು. ಸಮ್ಮೇಳನಕ್ಕೆ ಆಗಮಿಸಿರುವ ಬಂಧುಗಳು ಈ ಸುತ್ತುದಾರಿಯನ್ನು ಸೈರಿಸಬೇಕೆಂದು ಕೋರುತ್ತೇನೆ.

ಟಕೋಮಾದ ತಂಡ

ಸಿಯಾಟಲ್ ನಗರದ ದಕ್ಷಿಣಕ್ಕಿರುವ ಟಕೋಮಾ ಒಂದು ಬಂದರಿನ ಊರು. ಅಲ್ಲಿ 1994ರಲ್ಲಿ ಮೂವರು ಕೂಡಿ ಒಂದು ಪುಟ್ಟ ವಾದ್ಯವೃಂದವನ್ನು ಕಟ್ಟಿದರು. ನೀಲ್ ಆಂಡರ್ಸನ್ ಮತ್ತು ಡಡ್ಲಿ ಹಿಲ್ ಅವರದು ಗಿಟಾರ್; ಡೇವಿಡ್ ಫರ್ಮನ್ ಅವರದು ನಿಂತು ನುಡಿಸುವ ದೊಡ್ಡ ಬೇಸ್. ತಂಡಕ್ಕೆ ಅವರು ಇಟ್ಟ ಹೆಸರು 'ಪರ್ಲ್ ಜ್ಯಾಂಗೋ'. ಆ ವರ್ಷಗಳಲ್ಲಿ ಸಿಯಾಟಲ್ಲಿನ 'ಪರ್ಲ್ ಜ್ಯಾಮ್' ಎಂಬ ರಾಕ್ ತಂಡದ ಹೆಸರು ಲೋಕದ ಬಾಯಲ್ಲಿತ್ತು. ಅದನ್ನು ನೆನಪಿಗೆ ತರುವ ಸಣ್ಣ ವಿನೋದ ಈ ಹೆಸರಿನಲ್ಲಿದೆ. ಆದರೆ ಇವರ ಸಂಗೀತಕ್ಕೂ ರಾಕ್ ಸಂಗೀತಕ್ಕೂ ಬಹು ದೂರ. 1930ರ ದಶಕದ ಪ್ಯಾರಿಸ್ಸಿನಲ್ಲಿ ಜ್ಯಾಂಗೋ ರೈನ್‌ಹಾರ್ಟ್ ಎಂಬ ಗಿಟಾರ್ ವಾದಕ ರೂಪಿಸಿದ ಸಂಗೀತವನ್ನು ಅವರು ತಮ್ಮದಾಗಿ ಮಾಡಿಕೊಂಡರು. ಲೋಕ ಅದನ್ನು 'ಜಿಪ್ಸಿ ಜಾಝ್' ಎನ್ನುತ್ತದೆ. ಫ್ರಾನ್ಸಿನಲ್ಲಿ 'ಜಾಝ್ ಮನೂಷ್' ಎನ್ನುತ್ತಾರೆ.

ನಾನು 1996ರಲ್ಲಿ ಉದ್ಯೋಗನಿಮಿತ್ತ ಈ ಪ್ರದೇಶಕ್ಕೆ ಬಂದೆ. ಸಹೋದ್ಯೋಗಿಯೊಬ್ಬರು ಒಂದು ಶನಿವಾರ ಈ ತಂಡದ ಕಚೇರಿಗೆ ಕರೆದೊಯ್ದರು. ವೇದಿಕೆಯ ಮೇಲೆ ಡ್ರಮ್ ಇಲ್ಲದ್ದನ್ನು ಕಂಡು ನನಗೆ ಆಶ್ಚರ್ಯವಾಯಿತು. ಡ್ರಮ್ಮಿನ ಕೆಲಸವನ್ನು ಒಂದು ಗಿಟಾರೇ ಮಾಡುತ್ತಿತ್ತು. ಪಿಟೀಲು ಹಾಡುತ್ತಿತ್ತು, ಇನ್ನೊಂದು ಗಿಟಾರು ಅದಕ್ಕೆ ಉತ್ತರ ಕೊಡುತ್ತಿತ್ತು. ಪಿಟೀಲಿನವರು ಸುತ್ತು ಮುಗಿಸಿ ತಲೆಯಾಡಿಸಿದೊಡನೆ ಗಿಟಾರಿನವರು ಎಳೆಯನ್ನು ಎತ್ತಿಕೊಳ್ಳುತ್ತಿದ್ದರು. ನಮ್ಮ ಕಚೇರಿಗಳಲ್ಲಿ ಗಾಯಕರು ಸ್ವರಕಲ್ಪನೆಯನ್ನು ಪಿಟೀಲಿನವರಿಗೆ ಬಿಟ್ಟುಕೊಡುವ ಕ್ಷಣವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು.

ಮನೂಷ್ ಎಂದರೆ ಮನುಷ್ಯ

ಮನೆಗೆ ಬಂದು ಈ ಸಂಗೀತದ ಹಿನ್ನೆಲೆಯನ್ನು ಓದತೊಡಗಿದೆ. ಜ್ಯಾಂಗೋ ಹುಟ್ಟಿದ್ದು 1910ರ ಜನವರಿ 23ರಂದು, ಬೆಲ್ಜಿಯಂ ದೇಶದ ಲಿಬರ್‌ಶಿ ಎಂಬ ಹಳ್ಳಿಯ ಬಳಿ ತಂಗಿದ್ದ ಒಂದು ಅಲೆಮಾರಿ ಬಂಡಿಯಲ್ಲಿ. ಅವನದು ರೋಮಾ ಜನಾಂಗದ ಮನೂಷ್ ಪಂಗಡ. 'ಜಿಪ್ಸಿ' ಎಂಬುದು ಹೊರಗಿನವರು ಈ ಜನರನ್ನು ಈಜಿಪ್ಟಿನಿಂದ ಬಂದವರೆಂದು ತಪ್ಪಾಗಿ ತಿಳಿದು ಇಟ್ಟ ಹೆಸರು. ಅವರಲ್ಲಿ ಅನೇಕರಿಗೆ ಅದು ನೋವುಂಟುಮಾಡುವ ಮಾತು. ಅವರ ಪೂರ್ವಜರು ಹೊರಟದ್ದು ಭಾರತದಿಂದ, ಸುಮಾರು ಒಂದು ಸಾವಿರ ವರ್ಷಗಳ ಹಿಂದೆ. ಇದಕ್ಕೆ ದೊಡ್ಡ ಸಾಕ್ಷಿ ಅವರ ಭಾಷೆಯೇ. ರೋಮಾನಿ ಭಾಷೆಯಲ್ಲಿ 'ಮನುಷ್' ಎಂದರೆ ಮನುಷ್ಯ, 'ಪಾನಿ' ಎಂದರೆ ನೀರು, 'ದಂದ್' ಎಂದರೆ ಹಲ್ಲು, 'ಯಾಗ್' ಎಂದರೆ ಬೆಂಕಿ. 'ಜ್ಯಾಂಗೋ' ಎಂಬ ಹೆಸರಿಗೂ 'ನಾನು ಎಚ್ಚರಗೊಳ್ಳುತ್ತೇನೆ' ಎಂಬ ಅರ್ಥ ಹೇಳುತ್ತಾರೆ. ಅದನ್ನು ಓದಿದಾಗ ನನಗೆ ಶಿವರಾತ್ರಿಯ ಜಾಗರಣೆ ನೆನಪಾಯಿತು.

ಈ ಪದಗಳು ನಮಗೆ ಸಂಸ್ಕೃತದ ಮೂಲಕ ಬಂದ ಬಂಧುಗಳೇ ಹೊರತು ಕನ್ನಡಕ್ಕೂ ರೋಮಾನಿಗೂ ನೇರ ರಕ್ತಸಂಬಂಧವಿಲ್ಲ. ನಮ್ಮ ನಾಡಿನ ಲಂಬಾಣಿಗರನ್ನು ಇವರೊಡನೆ ಒಂದುಗೂಡಿಸುವ ಮಾತನ್ನು ಆಗಾಗ ಕೇಳುತ್ತೇವೆ. ಎರಡೂ ಇಂಡೋ-ಆರ್ಯನ್ ಭಾಷೆಗಳೆಂಬುದು ನಿಜ. ಅಷ್ಟರಿಂದಲೇ ಎರಡೂ ಒಂದೇ ಜನ ಎನ್ನಲಾಗದು. ನನ್ನ ಮನಸ್ಸನ್ನು ತಟ್ಟಿದ ಸಂಗತಿ ಬೇರೆಯದು. ರೋಮಾನಿಯಲ್ಲಿ ಒಂದರಿಂದ ಆರರವರೆಗಿನ ಸಂಖ್ಯೆಗಳು ಭಾರತದವು. ಏಳು, ಎಂಟು, ಒಂಬತ್ತು ಗ್ರೀಕ್ ಭಾಷೆಯವು. 'ದಾರಿ' ಎಂಬುದಕ್ಕೆ ಅವರು ಬಳಸುವ 'ದ್ರೋಮ್' ಎಂಬ ಪದವೂ ಗ್ರೀಕ್ ಮೂಲದ್ದೇ. ದಾರಿ ಎಂಬ ಪದವನ್ನೇ ದಾರಿಯಲ್ಲಿ ಪಡೆದ ಜನ ಅವರು! ಮನೆಯಿಂದ ತಂದದ್ದು, ದಾರಿಯಲ್ಲಿ ಸೇರಿದ್ದು, ಎರಡೂ ಕೂಡಿಯೇ ಅವರ ಭಾಷೆ. ನಮ್ಮ ಮನೆಗಳಲ್ಲಿ ಮಕ್ಕಳು ಆಡುವ ಕನ್ನಡವನ್ನು ಕೇಳಿ ಮುಖ ಸಿಂಡರಿಸುವ ಮುನ್ನ ನಾವು ಇದನ್ನು ನೆನೆಯಬೇಕು.

ಎರಡು ಬೆರಳುಗಳು

ಜ್ಯಾಂಗೋ ಬೆಳೆದದ್ದು ಪ್ಯಾರಿಸ್ಸಿನ ಅಂಚಿನ ಅಲೆಮಾರಿ ಬಿಡಾರಗಳಲ್ಲಿ. ಶಾಲೆಯ ಪಾಠ ಅವನಿಗೆ ದಕ್ಕಲಿಲ್ಲ. ಸ್ವರಲಿಪಿಯನ್ನು ಅವನು ಓದಲಾರ. ಹದಿಹರೆಯದಲ್ಲಿಯೇ ನೃತ್ಯಶಾಲೆಗಳಲ್ಲಿ ಅಕಾರ್ಡಿಯನ್ ವಾದಕರಿಗೆ ಬ್ಯಾಂಜೋ ಪಕ್ಕವಾದ್ಯ ನುಡಿಸಿ ಸಂಪಾದಿಸತೊಡಗಿದ. 1928ರ ಶರತ್ಕಾಲದ ಒಂದು ರಾತ್ರಿ ಅವನ ಬಂಡಿಗೆ ಬೆಂಕಿ ಬಿತ್ತು. ಮಾರಾಟಕ್ಕೆಂದು ಹೆಂಡತಿ ಮಾಡಿಟ್ಟಿದ್ದ ಸೆಲ್ಯುಲಾಯ್ಡ್ ಹೂವುಗಳು ಕ್ಷಣದಲ್ಲಿ ಹೊತ್ತಿಕೊಂಡವು. ಅವನಿಗೆ ಆಗ ಹದಿನೆಂಟು ವರ್ಷ. ಎಡಗೈಯ ಉಂಗುರದ ಬೆರಳು, ಕಿರುಬೆರಳುಗಳು ಸುಟ್ಟು ಮುದುಡಿದವು. ಸುಮಾರು ಒಂದೂವರೆ ವರ್ಷ ಹಾಸಿಗೆಯಲ್ಲಿದ್ದಾಗ ತಮ್ಮ ಜೋಸೆಫ್ ಒಂದು ಗಿಟಾರ್ ತಂದುಕೊಟ್ಟ. ಉಳಿದ ಎರಡು ಬೆರಳುಗಳಿಗೆ ಒಗ್ಗುವಂತೆ ಜ್ಯಾಂಗೋ ವಾದನದ ಇಡೀ ಕ್ರಮವನ್ನೇ ಹೊಸದಾಗಿ ಕಟ್ಟಿಕೊಂಡ.

1934ರಲ್ಲಿ ಪಿಟೀಲುವಾದಕ ಸ್ಟೆಫಾನ್ ಗ್ರಾಪೆಲ್ಲಿಯೊಡನೆ ಅವನು ಕಟ್ಟಿದ 'ಕ್ವಿಂಟೆಟ್ ಆಫ್ ದ ಹಾಟ್ ಕ್ಲಬ್ ಆಫ್ ಫ್ರಾನ್ಸ್' ಎಂಬ ಐವರ ತಂಡವೇ ಈ ಸಂಗೀತದ ಮೂಲಪೀಠ. ಮೂರು ಗಿಟಾರ್, ಒಂದು ಪಿಟೀಲು, ಒಂದು ಬೇಸ್, ಎಲ್ಲವೂ ತಂತಿವಾದ್ಯಗಳೇ. ಅಮೆರಿಕದ ಕರಿಯ ಜನರ ಜಾಝ್, ಪ್ಯಾರಿಸ್ಸಿನ ನೃತ್ಯಶಾಲೆಗಳ ವಾಲ್ಟ್ಸ್, ಮನೂಷ್ ಬಿಡಾರಗಳ ಕೈಚಳಕ, ಈ ಮೂರೂ ಅಲ್ಲಿ ಬೆರೆತವು. ಗ್ರಾಪೆಲ್ಲಿ ಮುಂದೆ 1984ರಲ್ಲಿ ನಮ್ಮ ಎಲ್. ಸುಬ್ರಹ್ಮಣ್ಯಂ ಅವರೊಡನೆ 'ಕಾನ್ವರ್ಸೇಶನ್ಸ್' ಎಂಬ ಧ್ವನಿಮುದ್ರಿಕೆಯಲ್ಲಿ ಜೊತೆಗೂಡಿ ನುಡಿಸಿದರು. ಬೆಂಗಳೂರಿನಲ್ಲಿ ನೆಲೆಸಿದ ಕರ್ನಾಟಕ ಪಿಟೀಲು ವಿದ್ವಾಂಸರ ಕಮಾನೂ ಜ್ಯಾಂಗೋನ ಜೊತೆಗಾರನ ಕಮಾನೂ ಅಲ್ಲಿ ಸಂಧಿಸಿದವು.

ಎರಡನೆಯ ಮಹಾಯುದ್ಧ ಈ ಜನಾಂಗಕ್ಕೆ ಮಹಾಮಾರಿಯಾಯಿತು. ನಾಜಿಗಳೂ ಅವರ ಸಹಚರರೂ ಕೊಂದ ರೋಮಾ ಜನರ ಸಂಖ್ಯೆ ಕನಿಷ್ಠ ಎರಡೂವರೆ ಲಕ್ಷ. ಐದು ಲಕ್ಷದವರೆಗೂ ಇರಬಹುದೆಂದು ಇತಿಹಾಸಕಾರರ ಅಂದಾಜು. ಜ್ಯಾಂಗೋ 1943ರಲ್ಲಿ ಸ್ವಿಟ್ಜರ್ಲೆಂಡಿಗೆ ಪಾರಾಗಲು ಯತ್ನಿಸಿ ವಿಫಲನಾದ, ಆದರೂ ಬದುಕುಳಿದ. 1940ರಲ್ಲಿ ಅವನು ಮುದ್ರಿಸಿದ 'ನ್ಯೂವಾಜ್', ಎಂದರೆ ಮೋಡಗಳು, ಶತ್ರುವಶವಾದ ಪ್ಯಾರಿಸ್ಸಿನ ಜನರಿಗೆ ಸಾಂತ್ವನದ ಹಾಡಾಯಿತು. 1953ರ ಮೇ 16ರಂದು, ನಲವತ್ತಮೂರನೆಯ ವಯಸ್ಸಿನಲ್ಲಿ ಅವನು ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡ.

ತಾಳದ ಪೀಠ

ಸ್ವರಲಿಪಿ ಬಾರದವನ ಸಂಗೀತ ಅವನ ನಂತರ ಹೇಗೆ ಉಳಿಯಿತು? ಧ್ವನಿಮುದ್ರಿಕೆಗಳು ಉಳಿಸಿದವೆಂಬುದು ಅರ್ಧ ಉತ್ತರ. ಉಳಿದರ್ಧವನ್ನು ಫ್ರಾನ್ಸ್, ಹಾಲೆಂಡ್, ಜರ್ಮನಿಗಳ ಮನೂಷ್ ಮತ್ತು ಸಿಂಟಿ ಕುಟುಂಬಗಳು ಕೊಟ್ಟವು. ಬಿಡಾರದಲ್ಲಿ ಹಿರಿಯರು ನುಡಿಸುವಾಗ ಮಗು ಗಿಟಾರ್ ಹಿಡಿದು ಹಿಂದೆ ಕೂರುತ್ತದೆ. ಅದಕ್ಕೆ ಮೊದಲು ಒಪ್ಪಿಸುವ ಕೆಲಸ 'ಲಾ ಪೊಂಪ್'. ಪಂಪನ್ನು ಒತ್ತಿದಂತೆ ಬಲಗೈ ತಂತಿಗಳ ಮೇಲೆ ಬೀಳುತ್ತದೆ; ನಾಲ್ಕು ಎಣಿಕೆಗಳಲ್ಲಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಒತ್ತು; ಎಡಗೈ ಬೆರಳು ಸಡಿಲಿಸಿದೊಡನೆ ನಾದ ಕತ್ತರಿಸಿದಂತೆ ನಿಲ್ಲುತ್ತದೆ. ತಂಡದ ಮೃದಂಗ ಅದೇ. ಮೆರೆಯುವ ಕೆಲಸವಲ್ಲ, ಕೈತಪ್ಪಿದರೆ ಮಾತ್ರ ಎಲ್ಲರಿಗೂ ತಿಳಿಯುವ ಕೆಲಸ. ಹೀಗೆ ಹಿಂದೆ ಕುಳಿತು ಲಯ ಹಿಡಿದ ವರ್ಷಗಳಲ್ಲಿಯೇ ಕೃತಿಗಳೆಲ್ಲವೂ ಕಿವಿಯಿಂದ ಕೈಗೆ ಇಳಿಯುತ್ತವೆ. ಅಲ್ಸಾಸ್ ಪ್ರಾಂತದ ಬಿರೇಲಿ ಲಗ್ರೇನ್ 1980ರಲ್ಲಿ ತನ್ನ ಮೊದಲ ಧ್ವನಿಮುದ್ರಿಕೆಯನ್ನು ಹೊರತಂದಾಗ ಅವನಿನ್ನೂ ಹದಿಹರೆಯದ ಬಾಲಕ. ಲೋಕ ಅದನ್ನು ಪವಾಡವೆಂದಿತು. ಹಾಗೆ ಕುಳಿತು ಕಲಿಯುವ ಮನೆಗಳನ್ನು ಬಲ್ಲವರಿಗೆ ಅದರ ಹಿಂದಿನ ವರ್ಷಗಳೂ ಕಾಣುತ್ತವೆ.

ನಮ್ಮ ಸಂಗೀತಕ್ಕೆ ಇದು ಹೊಸದೇನಲ್ಲ. ಯೂರೋಪಿನ ಪಿಟೀಲು ಸುಮಾರು ಇನ್ನೂರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದು ಗಾಯಕರ ಪಕ್ಕದಲ್ಲಿ ಕುಳಿತು, ಅವರನ್ನು ಹಿಂಬಾಲಿಸುತ್ತಲೇ ನಮ್ಮದಾಯಿತು. ಮೈಸೂರು ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿಗಳನ್ನು ಕಟ್ಟುವ ಹೊತ್ತಿಗೆ ಅದನ್ನು ಪರಕೀಯ ವಾದ್ಯ ಎನ್ನುವವರೇ ಇರಲಿಲ್ಲ.

ಟಕೋಮಾದ ತಂಡದವರು ಮನೂಷ್ ಮನೆಗಳಲ್ಲಿ ಹುಟ್ಟಿದವರಲ್ಲ. ಅವರು ಈ ಸಂಗೀತವನ್ನು ಆರಿಸಿಕೊಂಡವರು. ಹಾಗಾದರೆ ಅವರಿಗೆ ಇದರ ಮೇಲೇನು ಹಕ್ಕು ಎಂಬ ಪ್ರಶ್ನೆ ನನ್ನಲ್ಲಿಯೂ ಎದ್ದಿತ್ತು. ಸಂಗೀತಕ್ಕೆ ಚಪ್ಪಾಳೆ ತಟ್ಟುವ ಯೂರೋಪು ಆ ಜನರನ್ನು ಊರ ಹೊರಗೇ ಇಟ್ಟ ಅನ್ಯಾಯ ಇನ್ನೂ ಮುಗಿದಿಲ್ಲ. ಅದನ್ನು ಮರೆತು ಈ ನಾದವನ್ನು ಸವಿಯುವುದು ಸರಿಯಲ್ಲ. ಆದರೆ ಕೇಳುತ್ತ ಬಂದಂತೆ ಇನ್ನೊಂದು ಮಾತೂ ಹೊಳೆಯಿತು. ಈ ತಂಡದ ಧ್ವನಿಮುದ್ರಿಕೆಗಳು ಹತ್ತಕ್ಕೂ ಹೆಚ್ಚು. ಅವುಗಳಲ್ಲಿ ಜ್ಯಾಂಗೋನ ಕೃತಿಗಳ ಜೊತೆಗೆ ತಂಡದವರ ಸ್ವಂತ ರಚನೆಗಳೂ ಧಾರಾಳವಾಗಿವೆ. ಮೂಲ ತಂಡದಲ್ಲಿ ಇಲ್ಲದ ಅಕಾರ್ಡಿಯನ್ನನ್ನು ಅವರು ಸೇರಿಸಿಕೊಂಡರು. ಜ್ಯಾಂಗೋನ ಬಾಲ್ಯದ ನೃತ್ಯಶಾಲೆಯ ಧ್ವನಿ ಹೀಗೆ ಮತ್ತೊಂದು ಬಾಗಿಲಿನಿಂದ ಒಳಗೆ ಬಂತು. ಸ್ಥಾಪಕರಲ್ಲೊಬ್ಬರಾದ ಡಡ್ಲಿ ಹಿಲ್ 2005ರಲ್ಲಿ ತೀರಿಕೊಂಡರು. ವರ್ಷಗಳು ಕಳೆದಂತೆ ಇನ್ನೂ ಕೆಲವರು ಹೋದರು, ಹೊಸಬರು ಬಂದರು. ತಂಡ ನಿಲ್ಲಲಿಲ್ಲ. ಪೀಠದಿಂದ ಒಬ್ಬರು ಎದ್ದಾಗ ಕೂರಲು ಇನ್ನೊಬ್ಬರು ಸಿದ್ಧರಿದ್ದರು, ಏಕೆಂದರೆ ಆ ಸೀಮೆಯಲ್ಲಿ ಹಿಂದಿನ ಸಾಲು ಎಂದೂ ಬರಿದಾಗಿರಲಿಲ್ಲ.

ವಿಡ್ಬಿ ದ್ವೀಪದ ಹುಲ್ಲುಹಾಸಿನಲ್ಲಿ

ನನ್ನ ಮಗಳಿಗೆ ಏಳು ವರ್ಷವಾದಾಗ ಕರ್ನಾಟಕ ಶೈಲಿಯ ಪಿಟೀಲು ಪಾಠಕ್ಕೆ ಸೇರಿಸಿದೆವು. ವರ್ಷಕ್ಕೆರಡು ಬಾರಿ ಕನ್ನಡ ಕೂಟದ ವೇದಿಕೆಯ ಮೇಲೆ ನಿಲ್ಲಿಸಿದೆವು. ಯುಗಾದಿಗೆ ನಾಲ್ಕು ನಿಮಿಷ, ರಾಜ್ಯೋತ್ಸವಕ್ಕೆ ನಾಲ್ಕು ನಿಮಿಷ. ಒಂದು ಸಲ ಸಮಯ ಸಾಲದೆಂದು ಕೃತಿಯ ನಡುವೆಯೇ ಪರದೆ ಎಳೆದರು. ಮುಂದಿನ ಸಲ, ಜೀವಂತ ಪಕ್ಕವಾದ್ಯದವರನ್ನು ಕೂರಿಸುವುದು ತೊಡಕೆಂದು, ಮೊದಲೇ ಮುದ್ರಿಸಿದ ಹಿನ್ನೆಲೆಗೆ ನುಡಿಸಲು ಹೇಳಿದರು. ಹದಿನಾಲ್ಕನೆಯ ವಯಸ್ಸಿನಲ್ಲಿ ಅವಳು ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದಳು. ನಾನು ಗದರಿದೆ, ಅಜ್ಜನ ಹೆಸರು ಹೇಳಿ ಅವಳ ಮನಸ್ಸು ನೋಯಿಸಿದೆ. ಎರಡು ವರ್ಷ ನಮ್ಮ ಮನೆಯಲ್ಲಿ ಸಂಗೀತದ ಮಾತೇ ಏಳಲಿಲ್ಲ.

2015ರ ಸೆಪ್ಟೆಂಬರಿನಲ್ಲಿ ಇಬ್ಬರೂ ಮಕಿಲ್ಟಿಯೋ ಎಂಬಲ್ಲಿಂದ ಹಡಗು ಹತ್ತಿ ವಿಡ್ಬಿ ದ್ವೀಪಕ್ಕೆ ಹೋದೆವು. ಇಪ್ಪತ್ತು ನಿಮಿಷಗಳ ಪಯಣ. ಆ ದ್ವೀಪದ ಲ್ಯಾಂಗ್ಲಿ ಎಂಬ ಪುಟ್ಟ ಊರಿನಲ್ಲಿ 2001ರಲ್ಲಿ 'ಜ್ಯಾಂಗೋಫೆಸ್ಟ್ ನಾರ್ತ್‌ವೆಸ್ಟ್' ಎಂಬ ಉತ್ಸವ ಆರಂಭವಾಯಿತು. ಪರ್ಲ್ ಜ್ಯಾಂಗೋ ತಂಡವು ಅಲ್ಲಿ ಮನೆಯವರಂತೆ. ಪಿಟೀಲಿನ ಮೈಕೆಲ್ ಗ್ರೇ, ಅಕಾರ್ಡಿಯನ್ನಿನ ಡೇವಿಡ್ ಲ್ಯಾಂಗ್, ಬೇಸಿನ ರಿಕ್ ಲೆಪ್ಪನೆನ್ ಇವರೆಲ್ಲ ಈ ಸೀಮೆಯ ರಸಿಕರಿಗೆ ಬಹುಕಾಲದಿಂದ ಪರಿಚಿತರು. ಸಭಾಂಗಣದೊಳಗಿನ ಕಚೇರಿಗಳಿಗೆ ಟಿಕೆಟ್ಟು ಬೇಕು. ಆದರೆ ಉತ್ಸವದ ಜೀವ ಹೊರಗಿದೆ. ಹುಲ್ಲುಹಾಸಿನ ಮೇಲೆ, ಮರದ ಕೆಳಗೆ, ಅಂಗಡಿಯ ಜಗಲಿಯಲ್ಲಿ ಐದಾರು ಜನ ಸುತ್ತುಗಟ್ಟಿ ಕುಳಿತು ನುಡಿಸುತ್ತಿರುತ್ತಾರೆ. ಅಪರಿಚಿತನೊಬ್ಬ ಗಿಟಾರ್ ಹೊತ್ತು ಬಂದರೆ ಕುರ್ಚಿ ಸರಿಸಿ ಜಾಗ ಕೊಡುತ್ತಾರೆ. ಅವನು ಮೊದಲು ಮಾಡುವ ಕೆಲಸ ಪೊಂಪ್.

ಅಂಥ ಒಂದು ಸುತ್ತಿನಲ್ಲಿ ಹತ್ತು ವರ್ಷದ ಹುಡುಗನೊಬ್ಬ ಕುಳಿತಿದ್ದ. ಜ್ಯಾಂಗೋ ಮತ್ತು ಗ್ರಾಪೆಲ್ಲಿಯರ 'ಮೈನರ್ ಸ್ವಿಂಗ್' ನಡೆಯುತ್ತಿತ್ತು. ಹುಡುಗ ಒಂದು ಗಂಟೆ ಕಾಲ ಲಯವನ್ನಷ್ಟೇ ಹಿಡಿದ. ಎಡವಿದಾಗ ಪಕ್ಕದ ಹಿರಿಯರು ತಮ್ಮ ಎಡಗೈಯನ್ನು ಅವನಿಗೆ ಕಾಣುವಂತೆ ತುಸು ತಿರುಗಿಸುತ್ತಿದ್ದರು, ಅಷ್ಟೆ. ಯಾರೂ ಅವನನ್ನು ಹೊಗಳಲಿಲ್ಲ, ಯಾರೂ ಛಾಯಾಚಿತ್ರ ತೆಗೆಯಲಿಲ್ಲ. ಅವನ ಮುಖದ ಮೇಲಿದ್ದ ಸುಖವನ್ನು ನಾನು ನನ್ನ ಮಗಳ ಮುಖದಲ್ಲಿ ಯಾವ ವೇದಿಕೆಯ ಮೇಲೂ ಕಂಡಿರಲಿಲ್ಲ.

ಮರಳುವಾಗ ಹಡಗಿನ ಮೇಲೆ ಅವಳು ಅರ್ಧ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: "ಅಪ್ಪ, ನೀವೆಲ್ಲ ನನ್ನನ್ನು ಯಾವಾಗಲೂ ಮುಂದೆ ನಿಲ್ಲಿಸಿದಿರಿ. ಹಿಂದೆ ಕೂತುಕೊಳ್ಳೋಕೆ ಯಾರೂ ಬಿಡಲಿಲ್ಲ."

ನನಗೆ ಉತ್ತರ ಹೊಳೆಯಲಿಲ್ಲ. ತಂದೆಯವರು ಹಾಡುವಾಗ ನಮ್ಮ ಮನೆಯಲ್ಲಿಯೂ ಹಿಂದೆ ಒಂದು ಜಾಗ ಇತ್ತು. ಅಲ್ಲಿಂದ ಎದ್ದು ಹೋದವನು ನಾನು. ನನ್ನ ಮಗಳಿಗೆ ಆ ಜಾಗವೇ ಸಿಗಲಿಲ್ಲ.

ಚರಣ

ಮುಂದಿನ ತಿಂಗಳಿನಿಂದ ನಮ್ಮ ಮನೆಯ ಕೆಳ ಅಂತಸ್ತಿನಲ್ಲಿ ಭಾನುವಾರದ ಸಂಜೆ ನಾಲ್ಕು ಕನ್ನಡ ಸಂಸಾರಗಳು ಸೇರತೊಡಗಿದೆವು. ಪ್ರೇಕ್ಷಕರಿಲ್ಲ, ಕಾರ್ಯಕ್ರಮಪಟ್ಟಿ ಇಲ್ಲ, ಸನ್ಮಾನವಿಲ್ಲ. ಹಾಡು ಬಲ್ಲವರು ಹಾಡುತ್ತಾರೆ. ಉಳಿದವರು ಶ್ರುತಿ ಹಿಡಿಯುತ್ತಾರೆ, ತಾಳ ಹಾಕುತ್ತಾರೆ, ಪಲ್ಲವಿಗೆ ದನಿಗೂಡಿಸುತ್ತಾರೆ. ಮಕ್ಕಳು ಬಂದರೆ ಬಂದರು. ಯಾರನ್ನೂ ಎಬ್ಬಿಸಿ ಹಾಡಿಸುವುದಿಲ್ಲ. ಮೊದಲ ವರ್ಷ ಕೆಲವು ವಾರ ಮೂವರೇ ಇದ್ದದ್ದೂ ಉಂಟು. ಮಗಳು ಮೊದಮೊದಲು ಮೆಟ್ಟಿಲ ಮೇಲೆ ಕುಳಿತು ಕೇಳುತ್ತಿದ್ದಳು. ಆಮೇಲೆ ಒಂದು ದಿನ ಪಿಟೀಲಿನ ಪೆಟ್ಟಿಗೆ ತೆರೆದು, ಹಿಂದೆ ಕುಳಿತು, ಆಧಾರ ಷಡ್ಜವನ್ನಷ್ಟೇ ಎಳೆದಳು. ನಾನು ತಿರುಗಿ ನೋಡಲಿಲ್ಲ. ನೋಡಬಾರದೆಂಬಷ್ಟು ಬುದ್ಧಿ ಲ್ಯಾಂಗ್ಲಿಯಲ್ಲಿ ಬಂದಿತ್ತು.

ಈಗ ಅವಳು ಬೇರೆ ಊರಿನಲ್ಲಿ ಉದ್ಯೋಗದಲ್ಲಿದ್ದಾಳೆ. ಕಳೆದ ವರ್ಷ ರಜೆಗೆ ಬಂದಾಗ ತಂದೆಯವರ ಆ ಪದವನ್ನು ನಾನು ಎಂದಿನಂತೆ ಅನುಪಲ್ಲವಿಯವರೆಗೆ ಹಾಡಿ ನಿಲ್ಲಿಸಿದೆ. ಪಿಟೀಲು ನಿಲ್ಲಲಿಲ್ಲ. ಅನುಪಲ್ಲವಿಯ ಎಳೆಯನ್ನೇ ಹಿಡಿದು, ಅದೇ ರಾಗದಲ್ಲಿ, ಚರಣದ ಸಾಲುಗಳಿಗೆ ಹೊಂದುವಂತೆ ಅವಳು ಒಂದು ಮಟ್ಟನ್ನು ನುಡಿಸಿದಳು. ನನಗೆ ತಿಳಿಯದಂತೆ ಎಂದೋ ಕಟ್ಟಿಕೊಂಡಿದ್ದಳು. "ಇದು ಅಜ್ಜನ ಮಟ್ಟಲ್ಲ" ಎಂಬ ಮಾತು ನನ್ನ ಬಾಯಿಂದ ಬಂದೇಬಿಟ್ಟಿತು. "ಅಲ್ಲ. ಅದು ನಿನಗೂ ಗೊತ್ತಿಲ್ಲವಲ್ಲ" ಎಂದಳು. ಆ ರಾತ್ರಿ ಮೈಸೂರಿಗೆ ಫೋನು ಮಾಡಿ ಅಕ್ಕನಿಗೆ ಕೇಳಿಸಿದೆವು. ಅಕ್ಕ ಬಹಳ ಹೊತ್ತು ಸುಮ್ಮನಿದ್ದು, "ಅಪ್ಪ ಹಾಡ್ತಿದ್ದದ್ದು ಇದಲ್ಲ ಕಣೋ. ಆದ್ರೆ ಪದ ಪೂರ್ತಿ ಕೇಳಿ ಎಷ್ಟು ವರ್ಷ ಆಗಿತ್ತು! ಇನ್ನೊಂದು ಸಲ ನುಡಿಸೋಕೆ ಹೇಳು" ಎಂದಳು.

ಹೋದ ಚರಣ ಹೋಯಿತು. ಅದಕ್ಕಾಗಿ ನನಗಿರುವ ವ್ಯಥೆ ತೀರುವಂಥದ್ದಲ್ಲ. ಆದರೆ ಇನ್ನೂ ಹೋಗದಿರುವುದು ನಮ್ಮಲ್ಲಿ ಬೇಕಾದಷ್ಟಿದೆ. ಈ ಸಮ್ಮೇಳನಕ್ಕೆ ಬಂದಿರುವ ಹಿರಿಯರಲ್ಲಿ ಎಷ್ಟೋ ಮಂದಿಯ ಕಂಠದಲ್ಲಿ ಸೋಬಾನೆಗಳು, ಕೋಲಾಟದ ಪದಗಳು, ಬೀಸುವ ಕಲ್ಲಿನ ಪದಗಳು, ಅಚ್ಚಾಗದ ಮಟ್ಟುಗಳು ಉಳಿದಿವೆ. ದೊಡ್ಡ ವೇದಿಕೆಯ ಕಾರ್ಯಕ್ರಮಗಳು ಆಗಲಿ, ವಿಜೃಂಭಿಸಲಿ. ನಾವೆಲ್ಲರೂ ನೋಡಿ ಸಂತೋಷಪಡೋಣ. ಆದರೆ ರಾತ್ರಿ ಊಟವಾದ ಬಳಿಕ, ಹೋಟೆಲಿನ ಯಾವುದಾದರೂ ಮೂಲೆಯಲ್ಲಿ, ಬಲ್ಲ ಒಬ್ಬರ ಸುತ್ತ ಐದಾರು ಜನ ಕುಳಿತುಕೊಳ್ಳಿ. ಮಕ್ಕಳನ್ನೂ ಕರೆತನ್ನಿ, ಅವರನ್ನು ಹಾಡಲು ಹೇಳಬೇಡಿ, ತಾಳ ಹಾಕಲು ಹೇಳಿ. ಚರಣ ಮುಗಿಯುವವರೆಗೆ ಯಾರೂ ಏಳದಿದ್ದರೆ ಸಾಕು. ತಂದೆಯವರ ಶ್ರುತಿಪೆಟ್ಟಿಗೆಯನ್ನು ನಾನು ತಂದಿದ್ದೇನೆ.